ಏಳು ನಿಮಿಷದ ಮಾತು

ಜನವರಿ ಹತ್ರ ಬರ್ತಿದೆ, ನಮ್ಮ ಸೊರೊರಿಟಿಗೆ, ಅಂದ್ರೆ ಕಾಲೇಜು ಹುಡುಗೀರ ಸಂಘಕ್ಕೆ, ಹೊಸಬರನ್ನ ಸೇರಿಸ್ಕೊಳ್ಳೋ ಕಾಲ, ಅದಕ್ಕೇ ಪ್ರತಿ ಭಾನುವಾರ ಸಂಜೆ ಸಂಘದ ಮನೆಯ ಊಟದ ಹಾಲಲ್ಲಿ ಟೇಬಲ್ಲು ಕುರ್ಚಿ ಎಲ್ಲ ಗೋಡೆಗೆ ತಳ್ಳಿ ಮಾತಾಡೋ ಪ್ರಾಕ್ಟೀಸ್ ನಡೀತಿದೆ. ಹೌದು, ಮಾತಾಡೋದಕ್ಕೇ ಪ್ರಾಕ್ಟೀಸ್. ಅರ್ಧ ಜನ ಹೊಸ ಹುಡುಗೀರ ಪಾತ್ರ, ಇನ್ನರ್ಧ ಜನ ನಾವು ನಾವೇ, ಏಳು ನಿಮಿಷಕ್ಕೊಂದ್ಸಲ ಯಾರೋ ಚಪ್ಪಾಳೆ ತಟ್ತಾರೆ, ಜಾಗ ಬದಲಾಯಿಸ್ಬೇಕು. ಮೊನ್ನೆ ಅಮ್ಮಂಗೆ ಫೋನಲ್ಲಿ ಹೇಳ್ದೆ, "ಮಾತಾಡೋದನ್ನೂ ಹೇಳ್ಕೊಡ್ಬೇಕೇನೇ?" ಅಂದ್ರು. ಹೇಳ್ಕೊಡ್ಬೇಕು ಅಮ್ಮ. ನಂಗೂ ಯಾರೋ ಹೇಳ್ಕೊಡೋ ತನಕ ಬರ್ತಿರ್ಲಿಲ್ಲ, ಮತ್ತೆ ಹೇಳ್ಕೊಟ್ಟವರು ಇಲ್ಲಿಯವರಲ್ಲ, ಹೊಳೆನರಸೀಪುರದ ನನ್ನಜ್ಜಿ. ಅದನ್ನ ಬರೀಬೇಕು ಅಂತಾನೇ ಇವತ್ತು ಕೂತಿದೀನಿ.

ನಾನು ಓದ್ತಿರೋದು ಅಮೆರಿಕದ ಇಂಡಿಯಾನಾದಲ್ಲಿ, ಇದು ಕೊನೇ ವರ್ಷ. ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಕೆಲಸಕ್ಕೋಸ್ಕರ ಮೈಸೂರು ಬಿಟ್ಟು ಬಂದ್ವಿ. ಸೊರೊರಿಟಿ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ, ಕಾಲೇಜು ಹುಡುಗೀರ ಸಂಘ, ಗ್ರೀಕ್ ಅಕ್ಷರದ ಹೆಸರು ಇರತ್ತೆ, ಎಷ್ಟೋ ಕಡೆ ಸ್ವಂತ ದೊಡ್ಡ ಮನೆ ಇರತ್ತೆ, ಅಲ್ಲೇ ಒಟ್ಟಿಗೆ ಇರ್ತೀವಿ, ಊಟ ಮಾಡ್ತೀವಿ, ಯಾವುದಾದ್ರೂ ಒಳ್ಳೇ ಕೆಲಸಕ್ಕೆ ದುಡ್ಡು ಸೇರಿಸ್ತೀವಿ. ಇದು ಹಳೇ ಪದ್ಧತಿ, 1851ರಲ್ಲಿ ಜಾರ್ಜಿಯಾದ ಮೇಕನ್ ಅನ್ನೋ ಊರಿನ ಹೆಣ್ಮಕ್ಕಳ ಕಾಲೇಜಲ್ಲಿ ಅಡೆಲ್ಫಿಯನ್ ಸೊಸೈಟಿ ಅಂತ ಶುರುವಾದದ್ದು ಇವತ್ತಿನ ಆಲ್ಫಾ ಡೆಲ್ಟಾ ಪೈ. ಆಗ ಇಂಥ ಸಂಘಕ್ಕೆ ಸೊರೊರಿಟಿ ಅನ್ನೋ ಹೆಸರು ಇರ್ಲಿಲ್ಲ. 1874ರಲ್ಲಿ ಸಿರಾಕ್ಯೂಸ್‌ನಲ್ಲಿ ಗಾಮಾ ಫೈ ಬೀಟಾ ಅನ್ನೋ ಸಂಘ ಶುರುವಾಯ್ತು, ಆಮೇಲೆ ಅಲ್ಲಿಯ ಫ್ರ್ಯಾಂಕ್ ಸ್ಮಾಲಿ ಅಂತ ಲ್ಯಾಟಿನ್ ಪ್ರೊಫೆಸರೊಬ್ಬರು, ಹುಡುಗೀರ ಗುಂಪನ್ನ ಹುಡುಗರ ಸಂಘದ ಥರ ಫ್ರಟರ್ನಿಟಿ ಅಂತ ಕರೆದ್ರೆ ಚೆನ್ನಾಗಿರಲ್ಲ, ಸೊರೊರಿಟಿ ಅನ್ನಿ ಅಂದ್ರಂತೆ. ಲ್ಯಾಟಿನ್‌ನಲ್ಲಿ ಸೊರೊರ್ ಅಂದ್ರೆ ಒಡಹುಟ್ಟಿದವಳು. ಅಕ್ಕನೋ ತಂಗಿಯೋ ಅಂತ ಆ ಭಾಷೇಲಿ ಹೇಳ್ಬೇಕಾಗಿಲ್ಲ, ನಮ್ಮಲ್ಲಿ ಹೇಳ್ಲೇಬೇಕು. ಇಲ್ಲಿ ಹೊಸದಾಗಿ ಬಂದವಳಿಗೆ ಒಬ್ಬಳು "ಬಿಗ್" ಸಿಗ್ತಾಳೆ, ಅವಳಿಗೆ ಇವಳು "ಲಿಟಲ್". ನನ್ ಲಿಟಲ್‌ನ ನಾನು ಮನಸ್ಸಲ್ಲಿ ತಂಗಿ ಅಂತಾನೇ ಕರೆಯೋದು.

ಸೇರೋದು ಹೆಂಗೆ ಅಂದ್ರೆ ರಿಕ್ರೂಟ್‌ಮೆಂಟ್. ಎಷ್ಟೋ ಯೂನಿವರ್ಸಿಟಿಗಳಲ್ಲಿ ಇದು ಆಗಸ್ಟ್‌ನಲ್ಲಿ, ಕ್ಲಾಸ್ ಶುರುವಾಗೋಕೂ ಮುಂಚೆ ನಡೆಯತ್ತೆ. 2021ರಲ್ಲಿ ಅಲಬಾಮಾ ಹುಡುಗೀರು ದಿನಾ ಹಾಕ್ಕೊಳ್ಳೋ ಡ್ರೆಸ್ ತೋರಿಸಿ ಟಿಕ್‌ಟಾಕ್‌ನಲ್ಲಿ ವಿಡಿಯೋ ಹಾಕಿ ಪ್ರಪಂಚಕ್ಕೆಲ್ಲ ಗೊತ್ತಾಯ್ತಲ್ಲ, ಅದೇ. ನಮ್ಮಲ್ಲಿ ಜನವರಿ. ಹೊರಗೆ ಹಿಮ ಗಡ್ಡೆ ಕಟ್ಟಿರತ್ತೆ, ಹುಡುಗೀರು ದಪ್ಪ ಬೂಟ್ ಹಾಕ್ಕೊಂಡು ಬ್ಯಾಗಲ್ಲಿ ಹೀಲ್ಸ್ ಇಟ್ಕೊಂಡು ಮನೆಯಿಂದ ಮನೆಗೆ ನಡೀತಾರೆ, ಪ್ರತಿ ಮನೆ ಮೆಟ್ಟಿಲ ಹತ್ರ ಒಂಟಿಕಾಲಲ್ಲಿ ನಿಂತು ಬೂಟ್ ಬಿಚ್ಚಿ ಹೀಲ್ಸ್ ಹಾಕ್ಕೊಂಡು, ಕೋಟು ಬ್ಯಾಗು ಎಲ್ಲ ಹೊರಗಡೆ ರೋ ಗಾಮಾ ಕೈಗೆ ಕೊಟ್ಟು ಒಳಗೆ ಬರ್ತಾರೆ. ರೋ ಗಾಮಾ ಅಂದ್ರೆ ಅವರೂ ನಮ್ಮ ಥರ ಸೊರೊರಿಟಿಯವರೇ, ಆದ್ರೆ ಅಷ್ಟು ದಿನ ತಮ್ಮ ಮನೆ ಯಾವ್ದು ಅಂತ ಬಾಯಿಬಿಡದೆ ಹೊಸಬರಿಗೆ ದಾರಿ ತೋರಿಸೋರು. ಹೊಸಬರಿಗೆ ಪಿಎನ್‌ಎಂ ಅಂತಾರೆ, ಪೊಟೆನ್ಷಿಯಲ್ ನ್ಯೂ ಮೆಂಬರ್. ಮೊದಲ ರೌಂಡಲ್ಲಿ ಅವರು ಎಲ್ಲ ಮನೆಗೂ ಹೋಗ್ತಾರೆ, ಆಮೇಲೆ ಒಂದೊಂದು ರೌಂಡಿಗೂ ಮನೆ ಕಮ್ಮಿ ಆಗ್ತಾ ಬರತ್ತೆ, ಅವರು ನಮಗೆ ರ‍್ಯಾಂಕ್ ಕೊಡ್ತಾರೆ, ನಾವು ನಮ್ಮ ಲಿಸ್ಟ್ ಕೊಡ್ತೀವಿ, ಕಂಪ್ಯೂಟರ್ ಎರಡನ್ನೂ ಕೂಡಿಸಿ ನೋಡತ್ತೆ. ಕೊನೇ ರೌಂಡಿಗೆ ಪ್ರೆಫರೆನ್ಸ್ ಅಂತಾರೆ, ಅದು ಮುಗಿದ್ಮೇಲೆ ಹುಡುಗಿ ಒಂದು ಅಗ್ರಿಮೆಂಟ್‌ಗೆ ಸೈನ್ ಹಾಕ್ಬೇಕು, ಅದರ ಪ್ರಕಾರ ಸಿಕ್ಕಿದ ಮನೆ ಬೇಡ ಅಂದ್ರೆ ಆ ಕ್ಯಾಂಪಸ್ಸಲ್ಲಿ ಮುಂದಿನ ವರ್ಷದ ತನಕ ಬೇರೆ ಮನೆಗೆ ಸೇರೋ ಹಾಗಿಲ್ಲ. ಅಷ್ಟು ದೊಡ್ಡ ತೀರ್ಮಾನ, ಹದಿನೆಂಟು ವರ್ಷದ ಹುಡುಗಿ, ಮತ್ತೆ ಅದಕ್ಕೆ ಆಧಾರ ಏನು ಅಂದ್ರೆ ಗಲಾಟೆ ರೂಮಲ್ಲಿ ನಿಂತ್ಕೊಂಡು ಆಡಿದ ಏಳೇಳು ನಿಮಿಷದ ಮಾತು. ಇದನ್ನ ನಾನು ಹಗುರವಾಗಿ ತಗೊಳ್ಳೋಕೆ ಆಗಲ್ಲ.

ಗಲಾಟೆ ಅಂದ್ರೆ ನಿಜವಾಗ್ಲೂ ಗಲಾಟೆ. ಒಂದು ಊಟದ ಹಾಲಲ್ಲಿ ನಾವು ಅರವತ್ತು ಜನ, ಅವರು ಅರವತ್ತು ಜನ, ಎಲ್ಲರೂ ಒಟ್ಟಿಗೆ ಮಾತಾಡ್ತಿರ್ತಾರೆ, ಎದುರಿಗಿರೋಳ ತುಟಿ ನೋಡ್ಕೊಂಡೇ ಅರ್ಥ ಮಾಡ್ಕೋಬೇಕು. ಎರಡನೇ ದಿನಕ್ಕೆ ನಮ್ಮೆಲ್ಲರ ಗಂಟಲು ಕಟ್ಟಿರತ್ತೆ. ಅಮ್ಮ ಕೊಟ್ಟು ಕಳಿಸೋ ಜೀರಿಗೆ ಮೆಣಸಿನ ಕಷಾಯದ ಪುಡಿ ಹೋದ ವರ್ಷ ಇಡೀ ಮನೆಗೆ ಹಂಚಿದೀನಿ, ಬೆಳಿಗ್ಗೆ ಆರಕ್ಕೆ ಅಡುಗೆಮನೇಲಿ ಹತ್ತು ಜನ ಅಮೆರಿಕನ್ ಹುಡುಗೀರು ಲೋಟ ಹಿಡ್ಕೊಂಡು ಕ್ಯೂ ನಿಂತಿದ್ರು.

ಈ ಏಳು ನಿಮಿಷ ಆದ್ಮೇಲೆ "ಬಂಪ್". ಅಂದ್ರೆ ನಾನು ಮಾತಾಡ್ತಿರೋವಾಗ ಇನ್ನೊಬ್ಬ ಸಿಸ್ಟರ್, ಅಂದ್ರೆ ನಮ್ಮ ಸಂಘದವಳೇ, ಹಿಂದಿಂದ ಬಂದು ನನ್ನ ಭುಜ ಮೆಲ್ಲಗೆ ಮುಟ್ತಾಳೆ, ನಾನು ಇಬ್ಬರಿಗೂ ಪರಿಚಯ ಮಾಡಿಸಿ ಸರಿದು ಹೋಗ್ಬೇಕು, ಮಾತು ನಿಲ್ಲಬಾರ್ದು, ಆ ಹುಡುಗಿಗೆ ತನ್ನನ್ನ ಬಿಟ್ಟು ಹೋದ್ರು ಅನ್ನಿಸಬಾರ್ದು. ಯಾರ ಹಿಂದೆ ಯಾರು ಅಂತ ಮುಂಚೇನೇ ಚಾರ್ಟ್ ಮಾಡಿರ್ತೀವಿ. ಸರಿದವಳು ಸೀದಾ ಕೆಳಗಡೆ ಬೇಸ್‌ಮೆಂಟಿಗೆ ಓಡಿ ಹೋಗಿ ಫೋನಲ್ಲಿ ಆ್ಯಪ್ ತೆಗೆದು ಹುಡುಗಿ ಹೆಸರಿನ ಮುಂದೆ ಒಂದರಿಂದ ಐದರ ತನಕ ಒಂದು ನಂಬರ್ ಹಾಕ್ಬೇಕು. ಪಕ್ಕದಲ್ಲಿ ನೋಟ್ ಬರೆಯೋಕೆ ಜಾಗ ಇದೆ, ಹೋದ ವರ್ಷದ ತನಕ ಯಾರೂ ಬರೀತಿರ್ಲಿಲ್ಲ, ಟೈಮ್ ಇರ್ತಿರ್ಲಿಲ್ಲ.

ಮಾತಾಡಬಾರದ್ದು ಏನು ಅಂತಲೂ ಇದೆ. ಐದು "ಬಿ" ಅಂತಾರೆ, ಎಷ್ಟೋ ಕ್ಯಾಂಪಸ್ಸಲ್ಲಿ ಇದನ್ನ ಹೇಳಿಕೊಡ್ತಾರೆ. ಬಾಯ್ಸ್ ಬೇಡ, ಬೂಜ್ ಅಂದ್ರೆ ಕುಡಿತದ ಮಾತು ಬೇಡ, ಬೈಬಲ್ ಅಂದ್ರೆ ಧರ್ಮ ಬೇಡ, ಬಕ್ಸ್ ಅಂದ್ರೆ ದುಡ್ಡು ಬೇಡ, ಬ್ಯಾಲಟ್ ಅಂದ್ರೆ ರಾಜಕೀಯ ಬೇಡ. ಮೊದಲ ಸಲ ಕೇಳಿದಾಗ ನಾನು ಯೋಚನೆ ಮಾಡ್ದೆ, ನಮ್ಮೂರ ಕಡೆ ಟ್ರೈನಲ್ಲಿ ಎದುರು ಸೀಟಲ್ಲಿ ಕೂತವರು ಮೊದಲ ಹತ್ತು ನಿಮಿಷದಲ್ಲಿ ಕೇಳೋದು ಮದುವೆ ಆಗಿದ್ಯಾ, ಯಾವ ಜನ, ಸಂಬಳ ಎಷ್ಟು, ಈ ಸಲ ನಿಮ್ಮ ಕಡೆ ಯಾರು ಗೆಲ್ತಾರೆ, ಇದೇ ಅಲ್ವಾ. ಆದ್ರೆ ಈ ನಿಯಮ ನಂಗೆ ಒಪ್ಪಿಗೆ. ಜಾತಿನೋ ಸಂಬಳಾನೋ ಗೊತ್ತಾದ ಮೇಲೆ ಆ ಮನುಷ್ಯರನ್ನ ಒಂದು ಡಬ್ಬಕ್ಕೆ ಹಾಕಿ ಮುಚ್ಚಳ ಹಾಕಿದ ಹಾಗೆ, ಆಮೇಲೆ ಕೇಳೋಕೆ ಏನೂ ಉಳಿಯಲ್ಲ. ಕಷ್ಟ ಏನಪ್ಪಾ ಅಂದ್ರೆ ಐದು ಬಿ ತೆಗೆದ್ಮೇಲೆ ಎಲ್ಲರ ಕೈಯಲ್ಲೂ ಉಳಿಯೋದು ಅದೇ ಮೂರು ಪ್ರಶ್ನೆ, ಯಾವೂರು, ಏನು ಓದ್ತಿದೀಯ, ರಜಾ ಹೆಂಗಿತ್ತು. ಒಬ್ಬ ಪಿಎನ್‌ಎಂ ಮೊದಲ ರೌಂಡಿನ ಎರಡು ದಿನದಲ್ಲಿ ಇವೇ ಮೂರು ಪ್ರಶ್ನೆಗೆ ನೂರು ಸಲ ಉತ್ತರ ಹೇಳಿರ್ತಾಳೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಲ್ಲೋ, ಬಾಯಿ ಎಲ್ಲೋ.

ಇಲ್ಲಿ ಅಜ್ಜಿ ಬರ್ತಾರೆ.

ಮೈಸೂರಲ್ಲಿದ್ದಾಗ ಬೇಸಿಗೆ ರಜಕ್ಕೆ ಅಜ್ಜಿ ಜೊತೆ ಹೊಳೆನರಸೀಪುರಕ್ಕೆ ಹೋಗ್ತಿದ್ದದ್ದು ಪ್ಯಾಸೆಂಜರ್ ಟ್ರೈನಲ್ಲಿ. ಒಂದ್ಸಲ ಅಕ್ಕಿಹೆಬ್ಬಾಳಲ್ಲಿ ಒಬ್ಬ ಹೆಂಗಸು ಹತ್ತಿದ್ರು, ಕಾಲ ಹತ್ರ ಒಂದು ಕುಕ್ಕೆ, ಕುಕ್ಕೆ ತುಂಬ ಬದನೆಕಾಯಿ, ಮೇಲೆ ಒದ್ದೆ ಬಟ್ಟೆ. ಅಜ್ಜಿ ಎಲ್ಲರ ಹಾಗೇ "ಯಾವೂರಾಯ್ತವ್ವ?" ಅಂದ್ರು, ಅವರು "ಇಲ್ಲೇ ಪಕ್ಕದಳ್ಳಿ" ಅಂತ ಕಿಟಕಿ ಕಡೆ ಮುಖ ತಿರುಗಿಸಿದ್ರು. ಸುಸ್ತಾಗಿದ್ರು ಪಾಪ. ಅಜ್ಜಿ ಸುಮ್ನಿದ್ರು ಸ್ವಲ್ಪ ಹೊತ್ತು. ಆಮೇಲೆ ಬಗ್ಗಿ ಒಂದು ಬದನೆಕಾಯಿ ಕೈಗೆ ತಗೊಂಡು ತೊಟ್ಟು ಸವರಿ ನೋಡಿ, "ಮುಳ್ಳಿದೆ, ನಾಟಿದು. ಬೀಜ ನಿಮ್ಮ ಮನೇದೇನಾ?" ಅಂದ್ರು. ಆ ಹೆಂಗಸಿನ ಮುಖ ಈ ಕಡೆ ತಿರುಗ್ತು. ಬೀಜ ಅವರ ತವರಿಂದು, ಮದುವೆಯಾಗಿ ಬರೋವಾಗ ಅವರಮ್ಮ ಸೆರಗಿನ ತುದೀಲಿ ಗಂಟು ಕಟ್ಟಿ ಕೊಟ್ಟಿದ್ದಂತೆ, ವರ್ಷಾ ವರ್ಷಾ ಒಂದು ಕಾಯಿ ಹಣ್ಣಾಗೋಕೆ ಬಿಟ್ಟು ಬೀಜ ಎತ್ತಿಡ್ತಾರಂತೆ. ಅಮ್ಮ ಹೋದ್ರು, ಅಣ್ಣಂದಿರು ಈಗ ಹಬ್ಬಕ್ಕೂ ಕರೆಯಲ್ಲ, ತವರಿಂದು ಅಂತ ಉಳ್ದಿರೋದು ಇದೊಂದೇ ಅಂದ್ರು. ಹೊಳೆನರಸೀಪುರ ಬಂತು, ಅಜ್ಜಿ ಇಳಿಯೋವಾಗ ಅವರು ನಾಲ್ಕು ಬದನೆಕಾಯಿ ಬಲವಂತವಾಗಿ ನನ್ನ ಲಂಗದ ಮಡಿಲಿಗೆ ಹಾಕಿದ್ರು.

ನಂಗಾಗ ಎಂಟೋ ಒಂಬತ್ತೋ. ಪ್ಲಾಟ್‌ಫಾರ್ಮಲ್ಲಿ ನಡೀತಾ ಅಜ್ಜಿ, ನಿಂಗೆ ಅವರು ಗೊತ್ತಿದ್ರಾ ಅಂತ ಕೇಳ್ದೆ. ಇಲ್ಲ ಕಣೆ ಅಂದ್ರು. ಮತ್ತೆ ಅಷ್ಟೆಲ್ಲ ಯಾಕೆ ಹೇಳಿದ್ರು ಅಂದ್ರೆ "ಮೊದಲ್ನೇದು ಎಲ್ಲರಿಗೂ ಕೇಳೋದು. ಎರಡನೇದು ಅವಳಿಗೇ ಅಂತ ಕೇಳ್ಬೇಕು" ಅಂದ್ರು.

ಇದೇ ಅಜ್ಜೀನೇ ಅಮ್ಮನ್ನ ನೋಡೋಕೆ ಹೋಗಿದ್ದವರು. ರಿಕ್ರೂಟ್‌ಮೆಂಟ್ ಬಗ್ಗೆ ಮೊದಲ ಸಲ ಹೇಳಿದಾಗ ಅಮ್ಮ ತಕ್ಷಣ "ಓ, ಹೆಣ್ಣು ನೋಡೋ ಶಾಸ್ತ್ರ" ಅಂದ್ರು, ನಂಗೆ ಆಗ ಕೋಪ ಬಂದಿತ್ತು, ಈಗ ಹೌದು ಅನ್ಸತ್ತೆ, ಅದೇ ಹೊಸ ಬಟ್ಟೆ, ಅದೇ ಬಾಯಿಪಾಠದ ಉತ್ತರ, ಒಳಗೆ ಅದೇ ನಡುಕ, ಆಮೇಲೆ ಅದೇ "ತಿಳಿಸ್ತೀವಿ". ಅಮ್ಮನ್ನ ನೋಡೋಕೆ ನಾಲ್ಕು ಮನೆಯವರು ಬಂದಿದ್ರಂತೆ. ಎಲ್ಲರೂ ಏನು ಓದಿದೀಯಮ್ಮ ಅಂತ ಕೇಳೋರು, ಬಿಎಸ್ಸಿ ಅಂದ್ರೆ ಸಾಕು ತಲೆಯಾಡಿಸಿ ಕೇಸರಿಬಾತ್ ತಿನ್ನೋರು. ಅಜ್ಜಿ ಮಾತ್ರ ಬಿಎಸ್ಸಿ ಅಂದ ತಕ್ಷಣ "ಹಂಗಾದ್ರೆ ಕಪ್ಪೆ ಕುಯ್ದಿದ್ಯಾ? ಭಯ ಆಗ್ಲಿಲ್ವಾ?" ಅಂದ್ರಂತೆ. ಅಮ್ಮ ತಲೆ ಎತ್ತಿ ಮೊದಲ ಸಲ ಸರಿಯಾಗಿ ಮಾತಾಡಿದ್ದು ಆಗಲೇ, ಕಪ್ಪೆ ಎದೆ ಇನ್ನೂ ಬಡ್ಕೊಳ್ತಿರೋದು ಕಂಡಿದ್ದು, ಪಕ್ಕದ ಹುಡುಗಿ ತಲೆಸುತ್ತಿ ಬಿದ್ದಿದ್ದು ಎಲ್ಲ ಹೇಳಿದ್ರಂತೆ. ಅಪ್ಪ ಅವತ್ತು ಏನು ಮಾತಾಡಿದ್ರು ಅಂತ ಅಮ್ಮಂಗೆ ನೆನಪೇ ಇಲ್ಲ.

ನಂಗೂ ಇಲ್ಲಿ ಅಂಥದ್ದೇ ಒಂದು ಪ್ರಶ್ನೆ ಸಿಕ್ತು, ಅದಕ್ಕೇ ಈ ಮನೇಲಿದೀನಿ. ನನ್ನ ಹೆಸರಲ್ಲಿ ಒಂದು ಳ ಇದೆ. ಫಸ್ಟ್ ಇಯರಲ್ಲಿ ನಾನು ಪಿಎನ್‌ಎಂ ಆಗಿ ಎದೆ ಮೇಲೆ ಹೆಸರಿನ ಚೀಟಿ ಅಂಟಿಸ್ಕೊಂಡು ಹೋದಾಗ ಪ್ರತಿ ಮನೇಲೂ ಅದನ್ನ ಓದೋಕೆ ಒದ್ದಾಡೋರು, ಸಾರಿ ಸಾರಿ ಅನ್ನೋರು, ನಾನೇ ಸಮಾಧಾನ ಮಾಡ್ತಿದ್ದೆ, ಪರವಾಗಿಲ್ಲ ಹೆಂಗೆ ಕರೆದ್ರೂ ಆಗತ್ತೆ ಅಂತ. ಒಂದು ಕಡೆ ಒಬ್ಬಳು, ನೀನು ಎಲ್ಲಿಯವಳು ಅಂದ್ಲು, ಇಲ್ಲೇ ಇಂಡಿಯಾನಾಪೊಲಿಸ್ ಹತ್ರ ಅಂದೆ, ಅಲ್ಲ, ನಿಜವಾಗ್ಲೂ ಎಲ್ಲಿಯವಳು ಅಂದ್ಲು. ಅದೂ ಎರಡನೇ ಪ್ರಶ್ನೇನೇ, ಆದ್ರೆ ಅದು ನನ್ನ ಉತ್ತರದಿಂದ ಹುಟ್ಟಿದ್ದಲ್ಲ, ನನ್ನ ಮುಖ ನೋಡಿ ಮುಂಚೇನೇ ರೆಡಿ ಇಟ್ಕೊಂಡಿದ್ದು, ಗೊತ್ತಾಗ್ಬಿಡತ್ತೆ. ಈ ಮನೇಲಿ ಸಿಕ್ಕವಳು ಚೀಟಿ ನೋಡಿ, ಓದೋಕೆ ಹೋಗ್ಲೇ ಇಲ್ಲ, "ನಿಮ್ಮಮ್ಮ ನಿನ್ನ ಊಟಕ್ಕೆ ಹೆಂಗೆ ಕರೀತಾರೋ ಹಂಗೆ ಹೇಳು" ಅಂದ್ಲು. ನಾನು ಹೇಳ್ದೆ. ನಾಲಿಗೆ ಎಲ್ಲಿ ಹೋಗತ್ತೆ ತೋರ್ಸು ಅಂದ್ಲು. ಆ ಗದ್ದಲದಲ್ಲಿ ನಾವಿಬ್ಬರೂ ಬಾಯಿ ತೆಕ್ಕೊಂಡು ನಾಲಿಗೆ ಹಿಂದಕ್ಕೆ ಮಡಚ್ಕೊಂಡು ಳ ಳ ಅಂತ ನಿಂತಿದ್ವಿ. ಮೂರನೇ ಸಲಕ್ಕೆ ಅವಳಿಗೆ ಬಂತು. ಅವಳೇ ಆಮೇಲೆ ನನ್ನ ಬಿಗ್ ಆದ್ಲು.

(ಟೆಕ್ಸಾಸ್‌ನಲ್ಲಿರೋ ನನ್ನ ಕಸಿನ್, ನಮ್ಮವರದ್ದೇ ಸೊರೊರಿಟಿ ಇರುವಾಗ ಇದೆಲ್ಲ ಯಾಕೆ ಅಂತಾಳೆ. ಅವಳು ಕಪ್ಪಾ ಫೈ ಗಾಮಾದಲ್ಲಿದಾಳೆ, 1998ರಲ್ಲಿ ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನಲ್ಲಿ ದಕ್ಷಿಣ ಏಷ್ಯಾದ ಹುಡುಗೀರು ಶುರು ಮಾಡಿದ್ದು. ಅಲ್ಲಿ ಅವಳ ಹೆಸರನ್ನ ಯಾರಿಗೂ ಹೇಳ್ಕೊಡ್ಬೇಕಾಗಿಲ್ಲ, ಆ ನೆಮ್ಮದಿ ದೊಡ್ಡದು, ನಂಗೆ ಅರ್ಥ ಆಗತ್ತೆ. ನಂಗೆ ಆ ಳ ಕಲಿತವಳು ಸಿಕ್ಕಿದ್ಲು, ಅಷ್ಟೇ.)

ಸೆಕೆಂಡ್ ಇಯರಲ್ಲಿ ನಾನು ಮೊದಲ ಸಲ ಬಾಗಿಲಿನ ಈ ಕಡೆ ನಿಂತೆ. ಚೆನ್ನಾಗಿ ಆದ ಒಂದು ಮಾತು ಹೇಳ್ತೀನಿ. ಬೆಡ್‌ಫರ್ಡ್ ಕಡೆಯ ಹುಡುಗಿ, ಇಲ್ಲಿಂದ ದಕ್ಷಿಣಕ್ಕೆ. ರಜಾ ಹೆಂಗಿತ್ತು ಅಂದೆ, ತಾತನ ಮನೆಗೆ ಹೋಗಿದ್ದೆ ಅಂದ್ಲು, ಸುಮ್ನಾದ್ಲು. ತಾತ ಏನ್ ಮಾಡ್ತಿದ್ರು ಅಂದೆ. ಕಲ್ಲಿನ ಮಿಲ್ಲಲ್ಲಿದ್ರು ಅಂದ್ಲು, ಅದನ್ನ ಹೇಳೋವಾಗ ಧ್ವನಿ ಒಂಚೂರು ಇಳೀತು, ನಮ್ಮ ಹಾಲಿನ ದೀಪದ ಗೊಂಚಲು ನೋಡ್ತಿದ್ಲು. ಆ ಕಡೆ ಸುಣ್ಣದಕಲ್ಲಿನ ಕ್ವಾರಿಗಳಿದಾವೆ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗಿನ ಹೊರಮೈಗೆ ಹಾಕಿರೋದೂ ಅಲ್ಲಿಯ ಕಲ್ಲೇ. ನಾನು ಹಾಸನ ಜಿಲ್ಲೆಯವಳ ಮೊಮ್ಮಗಳು, ಕಲ್ಲು ಅಂದ ತಕ್ಷಣ ನಂಗೆ ಬೇಲೂರು ನೆನಪಾಯ್ತು, ಚಿಕ್ಕವಳಿದ್ದಾಗ ಗೈಡ್ ಹೇಳಿದ್ದು, ಈ ಬಳಪದ ಕಲ್ಲು ಭೂಮಿಯಿಂದ ಆಗಷ್ಟೇ ತೆಗೆದಾಗ ಮೆತ್ತಗಿರತ್ತೆ, ಗಾಳಿಗೆ ಬಿದ್ದು ಬಿದ್ದು ಗಟ್ಟಿ ಆಗತ್ತೆ, ಅದಕ್ಕೇ ಅಷ್ಟು ಸಣ್ಣ ಕುಸುರಿ ಸಾಧ್ಯ ಆಯ್ತು ಅಂತ. ನಿಮ್ಮ ಕಲ್ಲೂ ಹಂಗೇನಾ ಅಂತ ಕೇಳ್ದೆ. ಅವಳು ನನ್ನ ಕಡೆ ತಿರುಗಿದ್ಲು. ಹೌದು ಅಂದ್ಲು, ಹೊಸದಾಗಿ ತೆಗೆದ ಕಲ್ಲಲ್ಲಿ ನೀರಿನ ಪಸೆ ಇರತ್ತಂತೆ, ಅದಕ್ಕೆ ಅಲ್ಲಿಯವರು ಕ್ವಾರಿಯ ಸ್ಯಾಪ್ ಅಂತಾರಂತೆ, ಮರದಲ್ಲಿ ರಸ ಇರೋ ಹಾಗೆ, ಅದು ಒಣಗೋ ತನಕ ಹೊರಗೆ ಇಡ್ತಾರಂತೆ. ತಾತ ಕಲ್ಲಿನ ಮೇಲೆ ಅಂಗೈ ಇಟ್ಟು ಇನ್ನೂ ಹಸಿ ಇದೆ ಅಂತ ಹೇಳ್ತಿದ್ರಂತೆ. ಹೇಳ್ತಾ ಹೇಳ್ತಾ ಅವಳು ಪಕ್ಕದ ಗೋಡೆ ಮೇಲೆ ತನ್ನ ಅಂಗೈ ಇಟ್ಟು ತೋರಿಸಿದ್ಲು, ಬೆರಳು ಅಗಲಿಸಿ, ಕಣ್ಣು ಮುಚ್ಚಿ. ಅಷ್ಟೊತ್ತಿಗೆ ನನ್ನ ಭುಜದ ಮೇಲೆ ಕೈ ಬಿತ್ತು, ಬಂಪ್.

ಬಂಪ್ ಆಗೋವಾಗ ಹೇಳೋ ಒಂದು ಸಾಲು ಇದೆಯಲ್ಲ, ಅದರ ಮೇಲೆ ಎಲ್ಲ ನಿಂತಿದೆ ಅಂತ ನಂಗೆ ಅವತ್ತು ಗೊತ್ತಾಯ್ತು. ಇವಳು ಬೆಡ್‌ಫರ್ಡಿನವಳು, ಬಯಾಲಜಿ ಓದ್ತಿದಾಳೆ ಅಂತ ಹೇಳಿ ಹೋಗಿದ್ರೆ ಮುಂದಿನವಳು ಮತ್ತೆ ಮೊದಲಿಂದ ಶುರು ಮಾಡ್ತಿದ್ಲು. ನಾನು "ಇವಳ ತಾತ ಕಲ್ಲು ಮುಟ್ಟಿ ಹಸಿನೋ ಒಣಗಿದ್ಯೋ ಹೇಳ್ತಾರೆ, ಕೇಳು" ಅಂದೆ. ತಿರುಗಿ ನೋಡ್ದೆ, ಆ ಹುಡುಗಿ ಆಗಲೇ ಗೋಡೆ ಮೇಲೆ ಕೈ ಇಟ್ಟಿದ್ಲು.

ಈಗ ಪ್ರಾಕ್ಟೀಸಲ್ಲಿ ಚಿಕ್ಕವರಿಗೆ ನಾನು ಹೇಳೋದೆಲ್ಲ ಇಂಥ ಸಣ್ಣ ಸಣ್ಣದೇ. ಬಾಗಿಲಲ್ಲೇ ಡ್ರೆಸ್ ಚೆನ್ನಾಗಿದೆ ಅನ್ನಬೇಡಿ, ಅವಳ ಹಿಂದೆ ನಿಂತಿರೋಳು ಅದನ್ನ ಕೇಳಿಸ್ಕೊಂಡು ತನ್ನ ಹಳೇ ಸ್ವೆಟರ್ ಎಳ್ಕೊಳ್ತಾಳೆ, ನಾನು ನೋಡಿದೀನಿ. ಇನ್ನೊಂದು, ಈ "ಸೇಮ್!" ಅನ್ನೋದು. ಇಲ್ಲಿ ಎಲ್ಲರಿಗೂ ಅದೊಂದು ಅಭ್ಯಾಸ, ಆ ಹುಡುಗಿ ನಂಗೆ ನಾಯಿ ಇದೆ ಅಂದ್ರೆ ಇವರು ಕಿರುಚಿ "ಸೇಮ್!" ಅಂತ ತಮ್ಮ ನಾಯಿ ಕಥೆ ಶುರು ಮಾಡ್ತಾರೆ, ಮನಸ್ಸಲ್ಲಿ ಏನೂ ಇರಲ್ಲ, ಪ್ರೀತಿಯಿಂದಾನೇ ಮಾಡೋದು, ಆದ್ರೆ ಆ ಹುಡುಗಿಯ ನಾಯಿ ಅಲ್ಲಿಗೇ ನಿಂತೋಗತ್ತೆ. ನಾಯಿ ರಾತ್ರಿ ಎಲ್ಲಿ ಮಲಗತ್ತೆ ಅಂತ ಕೇಳಿ ಸಾಕು. ಮತ್ತೆ ಮಾತೇ ಆಡದ ಹುಡುಗಿ ಸಿಕ್ಕಿದ್ರೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ಬೇಡಿ, ಪೊಲೀಸ್ ವಿಚಾರಣೆ ಆಗೋಗತ್ತೆ, ನಿಮ್ಮದೇ ಒಂದು ಸಣ್ಣ ವಿಷಯ ಹೇಳಿ ಸುಮ್ನಿರಿ, ನನ್ನಜ್ಜಿ ಟ್ರೈನಲ್ಲಿ ಇದ್ದ ಹಾಗೆ. ಆ ಮೌನ ಭಯ ಹುಟ್ಟಿಸತ್ತೆ, ಒಂದ್ಸಲ ತಡ್ಕೊಳ್ಳಿ.

ಇನ್ನೊಂದು ವಿಷಯ ನಾನು ಯಾರಿಗೂ ಬಿಡದೆ ಹೇಳ್ತೀನಿ. 2013ರಲ್ಲಿ ಅಲಬಾಮಾ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಪತ್ರಿಕೆ ದಿ ಕ್ರಿಮ್ಸನ್ ವೈಟ್ ಒಂದು ವರದಿ ಮಾಡ್ತು, ತುಂಬ ಒಳ್ಳೇ ಮಾರ್ಕ್ಸ್ ಇದ್ದ ಕಪ್ಪು ಹುಡುಗಿಯೊಬ್ಬಳನ್ನ ಅಲ್ಲಿನ ಹಳೇ ಸೊರೊರಿಟಿಗಳು ಒಂದೂ ತಗೊಳ್ಲಿಲ್ಲ ಅಂತ, ಒಳಗಿದ್ದ ಸದಸ್ಯೆಯರೇ ಬಾಯಿಬಿಟ್ಟು ಹೇಳಿದ್ರು, ಆಮೇಲೆ ಕ್ಯಾಂಪಸ್ಸಲ್ಲಿ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಸೇರಿ ಮೆರವಣಿಗೆ ಮಾಡಿದ್ರು, ಆಮೇಲೆ ಬಾಗಿಲು ತೆಗೆದದ್ದು. ಬೇಸ್‌ಮೆಂಟಲ್ಲಿ ನಿಂತು "ಯಾಕೋ ಮಾತು ಕೂಡಿ ಬರ್ಲಿಲ್ಲ" ಅಂತ ಎರಡು ಅಂತ ನಂಬರ್ ಒತ್ತೋವಾಗಲೆಲ್ಲ ನಂಗೆ ಅದು ನೆನಪಾಗತ್ತೆ. ಮಾತು ಕೂಡಿ ಬರ್ಲಿಲ್ಲ ಅನ್ನೋ ಮಾತಿನ ಹಿಂದೆ ಏನನ್ನ ಬೇಕಾದ್ರೂ ಬಚ್ಚಿಡಬಹುದು. ಅದಕ್ಕೇ ಈ ವರ್ಷ ನಾನು ಮೀಟಿಂಗಲ್ಲಿ ನಂಬರ್ ತೆಗೆದು ಹಾಕಿ ಅಂತ ಕೇಳ್ದೆ. ಪೂರ್ತಿ ತೆಗೆಯೋಕೆ ಒಪ್ಪಲಿಲ್ಲ, ನೂರಾರು ಹುಡುಗೀರು, ಒಂದು ರಾತ್ರೀಲಿ ಲಿಸ್ಟ್ ಕೊಡ್ಬೇಕು, ಹೆಂಗೆ ಅಂದ್ರು, ಅದೂ ನಿಜ. ಕೊನೆಗೆ ಏನಾಯ್ತು ಅಂದ್ರೆ ನೋಟ್ ಬರೀದೆ ನಂಬರ್ ಹಾಕೋ ಹಾಗಿಲ್ಲ ಅಂತ ಆಯ್ತು. ಅವಳು ನಿಂಗೆ ಏನು ಹೇಳಿದ್ಲು, ಒಂದು ಸಾಲು. ಸ್ವೀಟ್, ಕ್ಯೂಟ್, ಕ್ವಯಟ್ ಅಂತ ಬರೆದ್ರೆ ವಾಪಸ್. ಬರೆಯೋಕೆ ಏನೂ ಇಲ್ಲ ಅಂದ್ರೆ ಕೇಳದೇ ಇದ್ದವಳು ನೀನು.

ಇದನ್ನ ಇಷ್ಟು ಗಟ್ಟಿಯಾಗಿ ಹೇಳ್ತಿರೋದಕ್ಕೆ ಕಾರಣ ಇದೆ.

ಹೋದ ವರ್ಷ, ಮೊದಲ ರೌಂಡಿನ ಎರಡನೇ ದಿನ, ಸಂಜೆ ಕೊನೇ ಪಾರ್ಟಿ, ಹೊಸಬರ ಒಂದೊಂದು ಗುಂಪು ಮನೆಗೆ ಬಂದು ಹೋಗೋದಕ್ಕೆ ಹಾಗಂತಾರೆ. ನನ್ನ ಧ್ವನಿ ಹೋಗಿತ್ತು, ಕಾಲು ಊದ್ಕೊಂಡಿತ್ತು. ಹಿಂದಿನ ವಾರ ಊರಲ್ಲಿ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಎರಡನೇ ಕಣ್ಣಲ್ಲಿ ಏನೋ ಸೋಂಕು ಅಂತ ಬೆಳಿಗ್ಗೆ ಅಪ್ಪ ಹೇಳಿದ್ರು, ತಲೆ ಅಲ್ಲೇ ಇತ್ತು. ಆಗ ಒಬ್ಬ ಹುಡುಗಿ ಬಂದ್ಲು. ಯಾವೂರು ಕೇಳ್ದೆ, ಏನೋ ಹೇಳಿದ್ಲು. ಏನು ಓದ್ತಿದೀಯ ಕೇಳ್ದೆ, ಏನೋ ಹೇಳಿದ್ಲು. ರಜಾ ಹೆಂಗಿತ್ತು ಅಂದೆ, ಚೆನ್ನಾಗಿತ್ತು ಅಂದ್ಲು, ನಿಂದು ಅಂದ್ಲು. ನಾನು ಅಜ್ಜಿ ಕಣ್ಣಿನ ವಿಷಯ ಹೇಳ್ದೆ, ಹೇಳ್ತಾನೇ ಹೋದೆ ಅನ್ಸತ್ತೆ, ಏಳು ನಿಮಿಷ ಆಯ್ತು, ಭುಜದ ಮೇಲೆ ಕೈ ಬಿತ್ತು. ಕೆಳಗೆ ಹೋಗಿ ಮೂರು ಅಂತ ಒತ್ತಿದೆ. ನಾನು ಅವಳನ್ನ ಏನೂ ಕೇಳಿರ್ಲಿಲ್ಲ, ಆದ್ರೂ ನಂಬರ್ ಒತ್ತಿದೆ. ನಮ್ಮಲ್ಲಿ ಮೂರು ಬಂದವರು ಮುಂದಿನ ರೌಂಡಿಗೆ ಬರೋದು ಕಷ್ಟ. ಅವಳು ಬರ್ಲಿಲ್ಲ. ನಾನದನ್ನ ಗಮನಿಸಲೂ ಇಲ್ಲ.

ಮಾರ್ಚ್‌ನಲ್ಲಿ ಕ್ಯಾಂಪಸ್ ಬಸ್ಸಲ್ಲಿ ನಿಂತಿದ್ದೆ, ಪಕ್ಕದಲ್ಲಿ ಕಂಬಿ ಹಿಡ್ಕೊಂಡಿದ್ದವಳು ನನ್ನ ಹೆಸರು ಹಿಡಿದು ಕರೆದ್ಲು. ಳ ಸರಿಯಾಗೇ ಬಂತು ಹೆಚ್ಚುಕಮ್ಮಿ. ನಂಗೆ ಮುಖ ಗೊತ್ತಾಗ್ಲಿಲ್ಲ. "ಅಜ್ಜಿ ಕಣ್ಣು ಹೇಗಿದೆ ಈಗ? ಎರಡನೇದು ವಾಸಿ ಆಯ್ತಾ?" ಅಂದ್ಲು.

ಆಯ್ತು ಅಂದೆ. ವಾಸಿ ಆಯ್ತು, ಈಗ ಪೇಪರ್ ಓದ್ತಾರೆ ಅಂದೆ. ಅವಳು ಖುಷಿಯಾಗಿ ನಕ್ಕಳು, ನಿಜವಾದ ಖುಷಿ. ನಾನು ವಾಪಸ್ ಕೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ, ಅವಳ ಊರು ಗೊತ್ತಿಲ್ಲ, ಓದು ಗೊತ್ತಿಲ್ಲ, ಹೆಸರೇ ಗೊತ್ತಿಲ್ಲ. ಕ್ಷಮಿಸು, ನಿನ್ನ ಹೆಸರು ಮರೆತೆ ಅಂದೆ. ಬೇಜಾರಿಲ್ಲದೆ ಹೇಳಿದ್ಲು. ನಾನು ಇಳಿಯೋ ಸ್ಟಾಪ್ ಬಂತು, ಇಳೀಲಿಲ್ಲ. ಅವಳ ಕೈಗೆ ಉಣ್ಣೆಯ ಕೈಗವಸು ಇತ್ತು, ಹೆಬ್ಬೆರಳ ಹತ್ರ ಬೇರೆ ಬಣ್ಣದ ದಾರದಲ್ಲಿ ರಿಪೇರಿ ಮಾಡಿದ್ದು, ಒಂದಕ್ಕೊಂದು ಹೊಲಿಗೆ ಒತ್ತೊತ್ತಾಗಿ, ಅಷ್ಟು ಅಚ್ಚುಕಟ್ಟು. ಇದನ್ನ ಯಾರು ಹೊಲಿದದ್ದು ಅಂತ ಕೇಳ್ದೆ.

"ಇದಾ," ಅಂತ ಅವಳು ಕೈ ತಿರುಗಿಸಿ ನೋಡ್ಕೊಂಡ್ಲು, ಬಸ್ಸು ಕ್ಯಾಂಪಸ್ಸಿಗೆ ಒಂದು ಸುತ್ತು ಹಾಕಿ ಮತ್ತೆ ನನ್ನ ಸ್ಟಾಪಿಗೆ ಬರೋ ತನಕ ಅವಳು ಹೇಳ್ತಾನೇ ಇದ್ಲು.